ನಾವು ಯಾರ ಲೋಡು?

ಲೋಡ್ ಶೆಡ್ಡಿಂಗ್ ಅನ್ನೋ ಮಾತು ನಮ್ಮ ಹಟ್ಟಿಯ ಮಕ್ಕಳಿಗೂ ಗೊತ್ತು. ಅಕ್ಷರ ಕಲಿಯದ ನಮ್ಮವ್ವನ ಬಾಯಲ್ಲಿ ಅದು 'ಲೋಟ್‌ಸೆಡ್ಡು' ಆಗಿ ಎಷ್ಟೋ ವರ್ಷ ಆಯ್ತು. ಆದರೆ ಅದರ ಅರ್ಥ ನಮಗೆ ಸರಿಯಾಗಿ ತಿಳಿದದ್ದು ದಕ್ಷಿಣ ಆಫ್ರಿಕದಲ್ಲಿ. ಲೋಡು ಅಂದರೆ ಭಾರ. ಶೆಡ್ಡಿಂಗ್ ಅಂದರೆ ಇಳಿಸೋದು. ಗಾಡಿಯ ಎತ್ತು ಏದುಸಿರು ಬಿಡುವಾಗ ಯಾವುದೋ ಮೂಟೆಯನ್ನು ಕೆಳಕ್ಕೆ ತಳ್ಳಬೇಕು. ಯಾವ ಮೂಟೆ ಅನ್ನೋದನ್ನು ತೀರ್ಮಾನಿಸೋನು ಎತ್ತೂ ಅಲ್ಲ, ಮೂಟೆಯೂ ಅಲ್ಲ.

ನಾವು ಅಂದರೆ ಗಂಡ, ಹೆಂಡತಿ, ಹೈಸ್ಕೂಲು ಓದುವ ಮಗಳು. ಕೆಲಸದ ಮೇಲೆ 2022ರ ನಡುವಿನಿಂದ 2024ರ ನಡುವಿನವರೆಗೆ ಎರಡು ವರ್ಷ ಜೋಹಾನ್ಸ್‌ಬರ್ಗಿನ ನೈರುತ್ಯಕ್ಕಿರುವ ಲೆನೇಶಿಯಾದಲ್ಲಿ ಇದ್ದೆವು. ಬಾಡಿಗೆ ಕಮ್ಮಿ ಅಂತ ಒಬ್ಬರ ಹಿತ್ತಲಿನಲ್ಲಿ ಕಟ್ಟಿದ ಎರಡು ಕೋಣೆ ಹಿಡಿದೆವು. ಲೆನೇಶಿಯಾ ತಾನಾಗಿ ಬೆಳೆದ ಊರಲ್ಲ. 1950ರ ಗ್ರೂಪ್ ಏರಿಯಾಸ್ ಕಾಯ್ದೆಯ ಹೆಸರಲ್ಲಿ ಬಿಳಿಯರ ಸರ್ಕಾರ ಭಾರತೀಯ ಮೂಲದವರನ್ನು ನಗರದಿಂದ ಎತ್ತಿ ಹಾಕಿದ ಜಾಗ ಅದು. ಮಗ್ಗುಲಲ್ಲೇ ಕರಿಯರನ್ನು ಎತ್ತಿ ಹಾಕಿದ ಸೊವೆಟೊ. ಊರಿಗೆ ದೂರವಾಗಿ ಕೇರಿ ಕಟ್ಟೋ ವಿದ್ಯೆ ನಮ್ಮ ದೇಶದ ಧಣಿಗಳಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆವು.

ನಾವು ಕಾಲಿಟ್ಟ ವರ್ಷವೇ ಆ ದೇಶದ ಕರೆಂಟು ಕುಸಿದು ಬಿದ್ದಿತ್ತು. ಅಲ್ಲಿ ಲೋಡ್ ಶೆಡ್ಡಿಂಗಿಗೆ ಮೆಟ್ಟಿಲುಗಳಿವೆ, ಸ್ಟೇಜ್ ಅಂತಾರೆ. ಸ್ಟೇಜ್ ಒಂದು ಅಂದರೆ ದೇಶದ ಬೇಡಿಕೆಯಿಂದ 1000 ಮೆಗಾವ್ಯಾಟ್ ಕಡಿದು ಹಾಕೋದು. ಸ್ಟೇಜ್ ಆರು ಅಂದರೆ 6000. ಸ್ಟೇಜ್ ಆರು ಬಂತೆಂದರೆ ಒಂದು ಮನೆಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ಕರೆಂಟಿಲ್ಲ. 2023ರಲ್ಲಿ ವರ್ಷದ 365 ದಿನಗಳಲ್ಲಿ 300ಕ್ಕೂ ಹೆಚ್ಚು ದಿನ ಹೀಗೆ ತೆಗೆದರು. ಅದೇ ವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷ ರಾಮಫೋಸಾ ಇದನ್ನು ರಾಷ್ಟ್ರೀಯ ವಿಪತ್ತು ಅಂತ ಸಾರಿದರು. ಮಾರ್ಚಿನಲ್ಲಿ ಕರೆಂಟಿಗೇ ಅಂತ ಒಬ್ಬ ಮಂತ್ರಿಯನ್ನು ನೇಮಿಸಿದರು. ಏಪ್ರಿಲಿನಲ್ಲಿ ವಿಪತ್ತು ಮುಗಿಯಿತು ಅಂತ ಆದೇಶ ಹಿಂದಕ್ಕೆ ಪಡೆದರು. ಕತ್ತಲೆ ಆ ಆದೇಶ ಓದಲಿಲ್ಲ.

ಸರಿ, ವೇಳಾಪಟ್ಟಿ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಮೊಬೈಲಿನ ಆಪ್‌ನಲ್ಲೂ ಇತ್ತು, ನಮ್ಮ ಗೋಡೆ ಮೇಲೂ ಅಂಟಿಸಿದ್ದೆವು. ಆದರೆ ಬೆಳಿಗ್ಗೆ ಸ್ಟೇಜ್ ಎರಡು ಇದ್ದದ್ದು ಮಧ್ಯಾಹ್ನಕ್ಕೆ ನಾಲ್ಕಾಗ್ತಿತ್ತು, ಸಂಜೆಗೆ ಆರು. ಎರಡು ಗಂಟೆ ಅಂತ ಹೋದದ್ದು ಬರುವ ಹೊತ್ತಿಗೆ ಎಲ್ಲರ ಹೀಟರು, ಗೀಸರು, ಒಲೆ ಒಟ್ಟಿಗೇ ಎದ್ದು ಎಳೆಯುತ್ತಿದ್ದವು. ಆಗ ಟ್ರಾನ್ಸ್‌ಫಾರ್ಮರ್ ಢಮಾರ್. ಕತ್ತಲಾದ ತಂತಿ ಮುಟ್ಟಿದರೆ ಸಾಯೋ ಭಯ ಇಲ್ಲವಾದ್ದರಿಂದ ಆ ಎರಡು ಗಂಟೆಯಲ್ಲೇ ತಾಮ್ರದ ಕೇಬಲ್ ಕಡಿದುಕೊಂಡು ಹೋಗೋರು. ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಸಿಡಿಲು. ಹೀಗೆ ಪಟ್ಟಿಯಲ್ಲಿಲ್ಲದ ಕತ್ತಲೆ ಪಟ್ಟಿಯಲ್ಲಿದ್ದ ಕತ್ತಲೆಯ ಬಾಲ ಹಿಡಿದು ಬರ್ತಿತ್ತು.

ನಾವು ಕಲಿತ ಉಪಾಯಗಳನ್ನೂ ಹೇಳಿಬಿಡುತ್ತೇವೆ, ನಮ್ಮೂರಿನ ಮೇಷ್ಟ್ರುಗಳಿಗೂ ಉಪಯೋಗಕ್ಕೆ ಬಂದಾವು. ಕರೆಂಟು ಹೋದ ಕೂಡಲೇ ಫ್ರಿಜ್ಜು, ಟೀವಿ ಪ್ಲಗ್ಗು ಕೀಳಬೇಕು. ಬಂದ ಮೇಲೂ ಹತ್ತು ನಿಮಿಷ ಬಿಟ್ಟೇ ಹಾಕಬೇಕು. ಬರೋ ಕರೆಂಟು ನೆಗೆದು ಬರುತ್ತೆ, ಮೋಟಾರು ಸುಡುತ್ತೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆ ತಣ್ಣಗಿರುತ್ತೆ. ತುಂಬಿದ ಫ್ರೀಜರು ಎರಡು ದಿನದ ತನಕ ತಡೆಯುತ್ತೆ. ಅದಕ್ಕೇ ಖಾಲಿ ಜಾಗದಲ್ಲೆಲ್ಲ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ ಗಡ್ಡೆ ಕಟ್ಟಿಸಿ ಇಡುತ್ತಿದ್ದೆವು. ಜೋಹಾನ್ಸ್‌ಬರ್ಗು ಸಮುದ್ರಮಟ್ಟದಿಂದ 1700 ಮೀಟರಿಗೂ ಮೇಲಿನ ಊರು, ನೀರನ್ನು ಕೆಳಗಿನಿಂದ ಪಂಪು ಮಾಡಿ ಏರಿಸಬೇಕು. ಕರೆಂಟು ಹೆಚ್ಚು ಹೊತ್ತು ಹೋದರೆ ನಲ್ಲಿಯೂ ಒಣಗುತ್ತೆ. ಬಕೀಟು, ಬಿಂದಿಗೆ ಯಾವಾಗಲೂ ತುಂಬಿರಬೇಕು. ಮೊಬೈಲ್ ಟವರಿನ ಬ್ಯಾಟರಿಗೂ ಚಾರ್ಜಾಗೋಕೆ ಪುರುಸೊತ್ತು ಸಿಗದೆ ಫೋನೂ ಮೂಕವಾಗುತ್ತೆ. ಆದ್ದರಿಂದ ಹೇಳಬೇಕಾದ ಮಾತನ್ನು ಮೊದಲೇ ಹೇಳಿಕೊಂಡಿರಬೇಕು. ದೋಸೆ ಹಿಟ್ಟು ರುಬ್ಬೋಕೆ ರಾತ್ರಿ ಎರಡಕ್ಕೆ ಎದ್ದದ್ದುಂಟು. ಆಮೇಲೆ ದೋಸೆಯ ಆಸೆ ಬಿಟ್ಟೆವು. ಮುದ್ದೆಗೆ ಕರೆಂಟು ಬೇಡ. ಗ್ಯಾಸಿನ ಒಲೆ, ಊರಿಂದ ತಂದ ರಾಗಿ ಹಿಟ್ಟು, ಒಂದು ಕೋಲು ಇದ್ದರೆ ಸ್ಟೇಜ್ ಎಂಟು ಬಂದರೂ ಉಣ್ಣಬಹುದು.

ರಸ್ತೆಯಲ್ಲಿ ಸಿಗ್ನಲ್ ಸತ್ತಾಗ ಕೆಲಸವಿಲ್ಲದ ಹುಡುಗರು ನಡುರಸ್ತೆಗೆ ನಿಂತು ಕೈಬೀಸಿ ಗಾಡಿ ಬಿಡೋರು. ಕಿಟಕಿಯಿಂದ ಯಾರಾದರೂ ಚಿಲ್ಲರೆ ಎಸೆದರೆ ಅದೇ ಸಂಬಳ.

ನಮ್ಮ ಮನೆ ಮಾಲೀಕರದು ಮುಂದಿನ ದೊಡ್ಡ ಮನೆ. ಛಾವಣಿ ಮೇಲೆ ಸೋಲಾರು, ಗೋಡೆಗೆ ಇನ್ವರ್ಟರು. ಊರೆಲ್ಲ ಕತ್ತಲಾದಾಗ ಅವರ ವರಾಂಡದಲ್ಲಿ ಟೀವಿ ನಗುತ್ತಿರೋದು. ಮಗಳಿಗೆ ಪರೀಕ್ಷೆ, ಒಂದು ಬಲ್ಬಿಗೆ ವೈರು ಕೊಡಿ, ಕಾಸು ಕೊಡುತ್ತೇವೆ ಅಂತ ಕೇಳಿದೆವು. ಅವರು ಬೇಸರವಿಲ್ಲದೆ, ಬಹಳ ಸಭ್ಯವಾಗಿ, 'ಲೋಡ್ ತಡೆಯೋದಿಲ್ಲ' ಅಂದರು. ಹತ್ತು ವ್ಯಾಟಿನ ಬಲ್ಬು! ಇದಕ್ಕೆ ಮೊದಲು ಒಂದು ದಿನ ಚಹಾ ಕೊಟ್ಟು, ನಿಮ್ಮ ಅಡ್ಡಹೆಸರು ಏನು, ನಿಮ್ಮದು ಯಾವ ಜನ, ಅಂತ ಕೇಳಿದ್ದರು. ನಾವು ಹೇಳಿದ್ದೆವು. ನಾವು ಬಚ್ಚಿಟ್ಟುಕೊಳ್ಳುವ ಪೈಕಿ ಅಲ್ಲ. ಅವರ ಅಜ್ಜ ಹಡಗು ಹತ್ತಿ ನೂರು ವರ್ಷ ದಾಟಿತ್ತು, ಊರಿನ ಭಾಷೆ ಮೊಮ್ಮಕ್ಕಳ ನಾಲಿಗೆಯಿಂದ ಬಿದ್ದುಹೋಗಿತ್ತು. ಆ ಪ್ರಶ್ನೆ ಮಾತ್ರ ಇನ್ನೂ ಚಾರ್ಜಾಗಿಯೇ ಇತ್ತು.

ಸೊವೆಟೊಗೆ ಹೋದವರು ಅಲ್ಲಿನ ಎರಡು ದೈತ್ಯ ಗೋಪುರಗಳನ್ನು ನೋಡದೆ ಬರೋದಿಲ್ಲ. ಮೈತುಂಬ ಚಿತ್ರ. ಪ್ರವಾಸಿಗರು ದುಡ್ಡು ಕೊಟ್ಟು ಅವುಗಳ ನಡುವೆ ಹಗ್ಗ ಕಟ್ಟಿಕೊಂಡು ಜಿಗಿಯುತ್ತಿದ್ದರು. ಅವು ಒರ್ಲ್ಯಾಂಡೊ ವಿದ್ಯುತ್ ಸ್ಥಾವರದ ಕೂಲಿಂಗ್ ಟವರುಗಳು. 1942ರಿಂದ 1998ರವರೆಗೆ ನಡೆದ ಸ್ಥಾವರ ಅದು. ಅಲ್ಲಿ ಹುಟ್ಟಿದ ಕರೆಂಟು ಜೋಹಾನ್ಸ್‌ಬರ್ಗಿನ ಬಿಳಿಯರ ಮನೆಗೆ ಹೋಗ್ತಿತ್ತು. ಸುತ್ತಲ ಸೊವೆಟೊದ ಮನೆಗಳಲ್ಲಿ ಮೇಣದ ಬತ್ತಿ, ಸೀಮೆಎಣ್ಣೆ, ಕಲ್ಲಿದ್ದಲ ಒಲೆ. ಬೂದಿ ಮಾತ್ರ ಅವರ ಪಾಲಿಗೆ. ಆ ಊರಿಗೆ ಸಾರಾಸಗಟಾಗಿ ಕರೆಂಟು ಬಂದದ್ದು ಎಂಬತ್ತರ ದಶಕದಲ್ಲಿ. ವರ್ಣಭೇದದ ಆಳ್ವಿಕೆ ಮುಗಿದ 1994ರ ಹೊತ್ತಿಗೆ ಇಡೀ ದೇಶದ ಮನೆಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗಷ್ಟೇ ಕರೆಂಟು. ಹೊಸ ಸರ್ಕಾರ ಅದನ್ನು ಹತ್ತರಲ್ಲಿ ಒಂಬತ್ತು ಮನೆಯ ಆಚೆಗೂ ಮುಟ್ಟಿಸಿತು. ಇದನ್ನು ಹೇಳದೆ ಬರೀ ಬೈದರೆ ಅದು ಅಪ್ಪಟ ಸುಳ್ಳಾಗುತ್ತೆ. ತಂತಿ ಎಳೆದರು, ತಂತಿಗೆ ಬೇಕಾದ ಸ್ಥಾವರ ಕಟ್ಟಲಿಲ್ಲ. 1998ರಲ್ಲಿ ಸರ್ಕಾರದ್ದೇ ಶ್ವೇತಪತ್ರ, 2007ರ ಹೊತ್ತಿಗೆ ಕರೆಂಟು ಸಾಲದಾಗುತ್ತೆ ಅಂತ ಎಚ್ಚರಿಸಿತ್ತು. ಹೇಳಿದ ವರ್ಷಕ್ಕೆ ಸರಿಯಾಗಿ ಸಾಲದಾಯಿತು. 2008ರ ಜನವರಿಯಲ್ಲಿ ಚಿನ್ನದ ಗಣಿಗಳೇ ನಿಂತವು.

ಚಿನ್ನ ಅಂದಾಗ ನಮಗೆ ನಮ್ಮಜ್ಜನ ನೆನಪು. ನಮ್ಮ ಹಟ್ಟಿ ಬಂಗಾರಪೇಟೆ ಕಡೆಯದು. ಅಜ್ಜ ಕೋಲಾರದ ಚಿನ್ನದ ಗಣಿಯಲ್ಲಿ ಕೆಳಗಿಳಿದವನು. ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ ಹುಟ್ಟಿಸಿದ ಕರೆಂಟು 1902ರಲ್ಲಿ 147 ಕಿಲೋಮೀಟರು ಓಡಿ ಬಂದದ್ದು ಆ ಗಣಿಗೆ. ಬೆಂಗಳೂರಿನ ಬೀದಿಗೆ ಬಂದದ್ದೇ 1905ರಲ್ಲಿ. ಗಣಿ ನಡೆಸಿದವರು ಇಂಗ್ಲಿಷರ ಕಂಪನಿ. ಜೋಹಾನ್ಸ್‌ಬರ್ಗಿನಲ್ಲೂ ಇದೇ ಕತೆ. 1906ರಲ್ಲಿ ಅಲ್ಲಿನ ಚಿನ್ನದ ಗಣಿಗಳಿಗೆ ಕರೆಂಟು ಮಾರೋಕೆ ವಿಕ್ಟೋರಿಯಾ ಫಾಲ್ಸ್ ಹೆಸರಿನ ಕಂಪನಿ ಹುಟ್ಟಿತು. ಜಲಪಾತದ ಹೆಸರಿಟ್ಟುಕೊಂಡು ಕಲ್ಲಿದ್ದಲು ಸುಟ್ಟಿತು, ಅದು ಬೇರೆ ಮಾತು. ನಮ್ಮಜ್ಜ ಭೂಮಿಯ ಒಳಗೆ ಬಲ್ಬಿನ ಬೆಳಕಲ್ಲಿ ಬಂಡೆ ಒಡೆದು, ಮೇಲಕ್ಕೆ ಬಂದು, ಹಟ್ಟಿಯಲ್ಲಿ ಬುಡ್ಡಿ ದೀಪದ ಮುಂದೆ ಕೂತು ಉಣ್ಣುತ್ತಿದ್ದ. ಭಾಗ್ಯಜ್ಯೋತಿಯ ಒಂದು ಬಲ್ಬು ನಮ್ಮ ಹಟ್ಟಿಗೆ ಬರೋ ಹೊತ್ತಿಗೆ ಅವನ ಕಣ್ಣು ಹೋಗಿತ್ತು. ಕೋಲಾರದ ಗಣಿ ಮುಚ್ಚಿದ್ದು 2001ರಲ್ಲಿ.

ಅಲ್ಲಿ ಭಾರತದವರು ಅಂದ ಕೂಡಲೇ ಕೆಲವರು 'ಗುಪ್ತಾಗಳ ಪೈಕಿಯೋ?' ಅಂತ ತಮಾಷೆ ಮಾಡೋರು. ಸಹರಾನ್‌ಪುರದಿಂದ ಹೋದ ಗುಪ್ತಾ ಸಹೋದರರು ಅಧ್ಯಕ್ಷನ ನೆರಳಲ್ಲಿ ಸರ್ಕಾರಿ ಸಂಸ್ಥೆಗಳ ಗುತ್ತಿಗೆ, ಕಲ್ಲಿದ್ದಲ ವ್ಯವಹಾರ ಹೇಗೆ ಹಿಡಿದರು ಅಂತ ಝೋಂಡೊ ಆಯೋಗ 2022ರ ವರದಿಗಳಲ್ಲಿ ಬರೆದಿದೆ. ಕರೆಂಟು ಕೆಟ್ಟದ್ದಕ್ಕೆ ಅದೊಂದೇ ಕಾರಣ ಅಲ್ಲ. ಹಳೇ ಸ್ಥಾವರಗಳ ದುರಸ್ತಿ ಮುಂದೂಡಿದ್ದು, ಮೆಡುಪಿ, ಕುಸಿಲೆ ಎಂಬ ಹೊಸ ಸ್ಥಾವರಗಳು ವರ್ಷಗಟ್ಟಲೆ ತಡವಾದದ್ದು ದೊಡ್ಡ ಕಾರಣ. ಆದರೂ ಗುಪ್ತಾ ಅಂದಾಗ ನಾವು ತಲೆ ತಗ್ಗಿಸಲಿಲ್ಲ. ಅವರ ಲಾಭದಲ್ಲಿ ನಮಗೆ ಪಾಲಿರಲಿಲ್ಲ, ನಾಚಿಕೆಯಲ್ಲಿ ಯಾಕೆ ಪಾಲು?

ಈಗ ಗೋಗೊ ವಿಷಯ. ಗೋಗೊ ಅಂದರೆ ಜುಲು ಮಾತಿನಲ್ಲಿ ಅಜ್ಜಿ. ಪಕ್ಕದ ಹಿತ್ತಲಿನ ತಗಡಿನ ಕೋಣೆಯಲ್ಲಿ ಮೊಮ್ಮಗನ ಜೊತೆ ಇದ್ದವಳು. ಒಂದು ಕಾಲದಲ್ಲಿ ಬಿಳಿಯರ ಮನೆಗಳಲ್ಲಿ ನೆಲ ಒರೆಸಿ ಬದುಕಿದವಳು. ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. 2023ರ ಅಕ್ಟೋಬರಿನಲ್ಲಿ, ಮಳೆ ಇನ್ನೂ ಹಿಡಿಯದ ಒಣ ಬಿಸಿಲಿನಲ್ಲಿ, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಹೋಯಿತು. ದೂರು ಕೊಟ್ಟೆವು, ನಂಬರು ಕೊಟ್ಟರು. ಎರಡನೇ ದಿನ ಕೇಳಿದರೆ ಅದೇ ನಂಬರು ಹೇಳಿದರು. ಐದು ದಿನ ಕತ್ತಲೆ.

ತಗಡಿನ ಕೋಣೆ ಮಧ್ಯಾಹ್ನ ಒಲೆಯಾಗಿರೋದು. ಬಳಕೆಯಲ್ಲಿರೋ ಇನ್ಸುಲಿನ್ ಬಾಟಲಿ ಬಿಸಿಲು, ಸೆಕೆ ತಾಕದಿದ್ದರೆ ಸುಮಾರು ನಾಲ್ಕು ವಾರ ಹೊರಗಿದ್ದರೂ ಕೆಡೋದಿಲ್ಲ. ಒಡೆಯದ ಬಾಟಲಿಗಳು ಮಾತ್ರ ಫ್ರಿಜ್ಜಿನ ತಂಪಲ್ಲೇ ಇರಬೇಕು, ಮಂಜುಗಡ್ಡೆಗೆ ತಾಕಿ ಹೆಪ್ಪುಗಟ್ಟಿದರೂ ಕೆಡುತ್ತವೆ, ಅಂತ ಕ್ಲಿನಿಕ್ಕಿನ ನರ್ಸು ಹೇಳಿದಳು. ಒಡೆಯದವನ್ನು ಬಟ್ಟೆ ಸುತ್ತಿ ನಮ್ಮ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಗಡ್ಡೆ ಬಾಟಲಿಗಳ ಜೊತೆ ಇಟ್ಟೆವು. ಗಡ್ಡೆ ಕರಗಿದಾಗ ಜನರೇಟರ್ ಇದ್ದ ಅಂಗಡಿಯಿಂದ ಐಸು ತಂದೆವು. ಬಳಸೋ ಬಾಟಲಿಗೆ ನಮ್ಮವ್ವನ ವಿದ್ಯೆ. ಒಂದು ದೊಡ್ಡ ಮಣ್ಣಿನ ಕುಂಡ, ಒಳಗೊಂದು ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿ. ನೀರು ಆರುತ್ತಾ ಒಳಗಿನ ಶಾಖ ಎಳೆದುಕೊಂಡು ಹೋಗುತ್ತೆ. ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ, ಆ ಎತ್ತರದ ಊರಿನ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು.

ಮಡಕೆಯನ್ನು ಗೋಗೊಳ ಕೋಣೆಯ ನೆರಳಿಗೆ ಹೊತ್ತು ತಂದಿಟ್ಟಾಗ ಅವಳು ಬಗ್ಗಿ ಒಳಗೆ ಕೈಯಿಟ್ಟು ನೋಡಿದಳು. ಮರಳು ಮುಟ್ಟಿದಳು, ಒದ್ದೆ ಬೆರಳನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು. ನಮ್ಮ ಮಡಕೆಯನ್ನು ಮನೆಯೊಳಗೆ ಕರೆದ ಪರರು ಅದುವರೆಗೆ ಯಾರೂ ಇರಲಿಲ್ಲ. ನಮ್ಮೂರಿನ ಬಾವಿಕಟ್ಟೆಯಲ್ಲಿ ನಮ್ಮವ್ವ ದೂರ ನಿಂತು, ಬೇರೆಯವರು ಮೇಲಿಂದ ಹುಯ್ಯೋ ನೀರಿಗೆ ಬಿಂದಿಗೆ ಒಡ್ಡುತ್ತಿದ್ದಳು. ಇದನ್ನು ಮಗಳು ಇಂಗ್ಲಿಷಿನಲ್ಲಿ ಗೋಗೊಗೆ ಹೇಳಿದಳು. ಗೋಗೊ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೂ ಆ ಮನೆಗಳಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು ಅಂದಳು. ತಗಡಿನದು, ಅಂದಳು.

ಆರನೇ ದಿನ ರಿಪೇರಿಯವರು ಬಂದರು. ಗೋಗೊಳ ಮೊಮ್ಮಗ ಅವರ ಮುಂದೆಯೇ, 'ಇವರಿಗಿಂತ ನಮ್ಮ ಇಝಿನ್ಯೋಕಾ ಬೇಗ ಮಾಡ್ತಾರೆ' ಅಂತ ಗೊಣಗಿದ. ಇಝಿನ್ಯೋಕಾ ಅಂದರೆ ಹಾವುಗಳು. ಕಂಬದಿಂದ ಕಳ್ಳವೈರು ಎಳೆಯೋರಿಗೆ ಪತ್ರಿಕೆಗಳು, ಅಧಿಕಾರಿಗಳು ಇಟ್ಟ ಹೆಸರು. ಬಿಲ್ಲು ಕಟ್ಟದ್ದಕ್ಕೆ ಸೊವೆಟೊದಲ್ಲಿ ಸಾಲಾಗಿ ಕನೆಕ್ಷನ್ ಕಿತ್ತಾಗ, 2000ದಲ್ಲಿ ಹುಟ್ಟಿದ ಸೊವೆಟೊ ವಿದ್ಯುತ್ ಬಿಕ್ಕಟ್ಟು ಸಮಿತಿ 'ಖನ್ಯಿಸಾ' ಅಂದರೆ ಬೆಳಗಿಸು ಅನ್ನೋ ಹೆಸರಲ್ಲಿ ಕಿತ್ತ ವೈರುಗಳನ್ನು ಹಗಲಲ್ಲೇ ಮತ್ತೆ ಜೋಡಿಸಿತು, ಸಾವಿರಾರು ಮನೆಗೆ. ಲೆನೇಶಿಯಾದ ಮಗ್ಗುಲಿನ ಥೆಂಬೆಲಿಹ್ಲೆ ಕೊಳೆಗೇರಿಯ ಜನ 2011ರಲ್ಲಿ ಕರೆಂಟು, ಮನೆ ಕೇಳಿ ಬೀದಿಗಿಳಿದು ಪೊಲೀಸರ ರಬ್ಬರ್ ಗುಂಡು ತಿಂದರು. ನೆಲದ ಮೇಲೆ ಬಿದ್ದ ಬರಿ ವೈರು ತುಳಿದು ಮಕ್ಕಳು ಸಾಯುತ್ತವೆ, ಓವರ್‌ಲೋಡಾಗಿ ಟ್ರಾನ್ಸ್‌ಫಾರ್ಮರ್ ಸುಡುತ್ತೆ, ಅದೂ ನಿಜ. ನಾವು ಐದು ದಿನ ಕತ್ತಲಲ್ಲಿ ಕೂತದ್ದರಲ್ಲಿ ಆ ವೈರುಗಳ ಪಾಲೂ ಇದ್ದಿರಬಹುದು. ಆದರೂ ಹಾವು ಅನ್ನೋಕೆ ನಮ್ಮ ನಾಲಿಗೆ ಏಳೋದಿಲ್ಲ. ನಮ್ಮ ಕಡೆ ಮೂರು ಫೇಸ್ ಕರೆಂಟು ರಾತ್ರಿ ಕೊಡುತ್ತಾರೆ ಅಂತ ಕತ್ತಲಲ್ಲಿ ಪಂಪ್‌ಸೆಟ್ಟಿಗೆ ಹೋಗೋ ಕೂಲಿಯವನನ್ನು ಕಚ್ಚುತ್ತಲ್ಲ, ಅದು ಹಾವು.

2024ರ ಮಾರ್ಚ್ 26ಕ್ಕೆ ಅಲ್ಲಿ ದಿನನಿತ್ಯದ ಲೋಡ್ ಶೆಡ್ಡಿಂಗ್ ನಿಂತಿತು. ನಾವು ಹೊರಡೋ ಹೊತ್ತಿಗೆ ಜೋಹಾನ್ಸ್‌ಬರ್ಗಿನ ಅಂಗಡಿಗಳಲ್ಲಿ ಇನ್ವರ್ಟರುಗಳು ಧೂಳು ಹಿಡಿದು ಕೂತಿದ್ದವು. 2025ರ ಮೊದಲ ತಿಂಗಳುಗಳಲ್ಲಿ ಕೆಲವು ದಿನ ಮತ್ತೆ ಬಂದು ಹೋಯಿತು. ಗೋಗೊ ಅಷ್ಟರಲ್ಲಿ ಸೊವೆಟೊದ ತಂಗಿ ಮನೆಗೆ ಹೋಗಿದ್ದಳು. ಅವಳ ಮೊಮ್ಮಗ ಆ ವರ್ಷ ಫೋನಿನಲ್ಲಿ ಹೇಳಿದ: ಶೆಡ್ಡಿಂಗ್ ನಿಂತಿದೆ, ನಮ್ಮ ಬೀದಿಗೆ ಈಗ ಬರ್ತಿರೋದು 'ಲೋಡ್ ರಿಡಕ್ಷನ್'. ಕಳ್ಳ ಕನೆಕ್ಷನ್ ಜಾಸ್ತಿ, ಟ್ರಾನ್ಸ್‌ಫಾರ್ಮರ್ ಸುಡುತ್ತೆ ಅಂತ ಗುರುತು ಹಾಕಿದ ಬಡಾವಣೆಗಳಿಗೆ ಮಾತ್ರ ಅದು. ಬಿಲ್ಲು ಕಟ್ಟಿದವರು, ಕಟ್ಟದವರು ಎಲ್ಲರಿಗೂ ಒಂದೇ ಸಲ ಕತ್ತಲೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಬಳಕೆ ಜಾಸ್ತಿ ಇರೋ ಹೊತ್ತು ನೋಡಿ ತೆಗೀತಾರೆ. ಗೋಗೊ ಇನ್ಸುಲಿನ್ ಚುಚ್ಚಿಕೊಳ್ಳೋದೂ ಅದೇ ಹೊತ್ತಿಗೆ. ಅವನು ಮೊಬೈಲ್ ಟಾರ್ಚು ಹಿಡೀತಾನೆ, ಅವಳು ಸಿರಿಂಜಿನ ಗೆರೆ ಎಣಿಸುತ್ತಾಳೆ.