ಅವ್ವ ಕಲಿಸಿದ ಮಣ್ಣಿನ ಪಾಠ

ಕಾಯಕವೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಕಿವಿಗೆ ಬಿದ್ದ ಮಾತು ಕೈಗೆ ಇಳಿಯಲು ಕೆಲವೊಮ್ಮೆ ಅರ್ಧ ಆಯುಷ್ಯವೇ ಬೇಕಾಗುತ್ತದೆ. ಚಿತ್ರಕಲೆಯನ್ನೇ ನಂಬಿ ಬದುಕಿದ ನನಗೆ ಅದರ ಅರ್ಥ ತಿಳಿದದ್ದು ಐವತ್ತು ದಾಟಿದ ಮೇಲೆ, ಅಕ್ಷರ ಅರಿಯದ ನನ್ನ ಅವ್ವನಿಂದ.

ನನ್ನೂರು ಯಾದಗಿರಿ ಸಮೀಪದ ಅಬ್ಬೆತುಮಕೂರು. ವಿಶ್ವಾರಾಧ್ಯರ ಮಠದಿಂದಾಗಿ ಈ ಊರಿನ ಹೆಸರು ಓದುಗ ಬಂಧುಗಳಿಗೆ ಹೊಸದೇನಲ್ಲ. ಕಲಬುರ್ಗಿಯಲ್ಲಿ ಹುಟ್ಟಿ ದೇಶದಾಚೆಗೂ ಹೆಸರಾದ ಎಸ್.ಎಂ. ಪಂಡಿತರ (1916–1993) ಕ್ಯಾಲೆಂಡರ್ ಚಿತ್ರಗಳನ್ನು ನೋಡಿ ಕೈ ತಿದ್ದಿಕೊಂಡವನು ನಾನು. ಅರಸರ ಆಶ್ರಯದಲ್ಲಿ ಬೆಳೆದ ಸುರಪುರದ ಕಿರುಚಿತ್ರಗಳ ಬಂಗಾರದ ಲೇಪವನ್ನು ಕಂಡು ಬೆರಗಾದವನು. ಶರಣರ, ಹಿರಿಯರ ಭಾವಚಿತ್ರಗಳನ್ನು ಬರೆದು ಸಂಸಾರ ಸಾಗಿಸಿದೆ.

ಅಪ್ಪ ಲಿಂಗೈಕ್ಯರಾದ ಮರುವರ್ಷ, ಹಳೆಯ ಮಣ್ಣಿನ ಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಲು ತಮ್ಮ ನಿಶ್ಚಯಿಸಿದ. ಹಣತೆಯ ಗೂಡು, ಒಲೆಯ ಮೇಲಿನ ಹೊಗೆಯ ಕಪ್ಪು, ಅವ್ವನ ಬೆರಳು ಮೂಡಿದ ಸಾರಣೆ, ಇವೆಲ್ಲ ಅಳಿಯುವ ಮುನ್ನ ಮಣ್ಣಿನಲ್ಲಿಯೇ ಉಳಿಸಬೇಕೆಂಬ ಹಂಬಲ ನನಗಾಯಿತು. ಹಲಗೆಗೆ ಗೋಣಿತಟ್ಟು ಬಿಗಿದು, ನಮ್ಮ ಹೊಲದ ಎರೆಮಣ್ಣು ಬಳಿದು ಹನ್ನೆರಡು ಗೋಡೆಗಳನ್ನು ರಚಿಸುವ ಯೋಜನೆ. ಬೆಂಗಳೂರಿನ ಗ್ಯಾಲರಿಯೊಂದನ್ನು ಗೊತ್ತುಮಾಡಿ, ಅದರ ಬಾಡಿಗೆಗಾಗಿ ಹೆಂಡತಿಯ ಬಂಗಾರವನ್ನು ಬ್ಯಾಂಕಿನಲ್ಲಿ ಅಡವಿಟ್ಟೆ.

ಎರೆಮಣ್ಣಿನ ಸ್ವಭಾವ ರೈತರಿಗೆ ಗೊತ್ತು. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಪ್ರದರ್ಶನಕ್ಕೆ ಒಂದು ತಿಂಗಳಿರುವಾಗ ನನ್ನ ಹನ್ನೆರಡೂ ಹಲಗೆಗಳ ಮಣ್ಣು ಹಪ್ಪಳದಂತೆ ಎದ್ದು ಉದುರಿತು. “ಬಿರುಕೇ ಇಂದಿನ ಕಲೆ, ಹಾಗೇ ಇಡಿ” ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಇಟಲಿಯ ಆಲ್ಬರ್ಟೊ ಬುರ್ರಿ 1970ರ ದಶಕದಲ್ಲಿ ಬಿರುಕುಗಳನ್ನೇ ಚಿತ್ರವಾಗಿಸಿದ್ದು ನಿಜ. ಆದರೆ ಆತ ಬಿಳಿಮಣ್ಣಿಗೆ ಅಂಟು ಬೆರೆಸಿ, ಬಿರುಕು ಬಿಟ್ಟರೂ ಉದುರದಂತೆ ನೋಡಿಕೊಂಡಿದ್ದ. ನನ್ನದು ಕಲೆಯಲ್ಲ, ಅರಿಯದವನ ಕೆಲಸವಾಗಿತ್ತು. “ಮಣ್ಣು ಯಾರು ಕೊಳ್ತಾರಣ್ಣಾ? ನಾಕು ಭಾವಚಿತ್ರ ಇಟ್ಟು ಬಾ” ಎಂದ ತಮ್ಮ. ಆ ರಾತ್ರಿ ಹಾಗೆಯೇ ಮಾಡಲು ಮನಸ್ಸು ಮಾಡಿದ್ದೆ.

ಬೆಳಗ್ಗೆ ಅವ್ವ ಉದುರಿದ ಹೆಂಟೆಯೊಂದನ್ನು ಬೆರಳಲ್ಲಿ ಪುಡಿಮಾಡಿ ನೋಡಿದಳು. “ಬರೇ ಎರಿ ನಿಲ್ಲಂಗಿಲ್ಲಪ್ಪಾ. ಕೆಂಪು ಮಣ್ಣು ಕೂಡಿಸಿದಿಯೇನು? ಹೊಟ್ಟು, ಸೆಗಣಿ ಹಾಕಿ ಕೊಳೀಲಿಕ್ಕೆ ಬಿಟ್ಟಿದಿಯೇನು?” ಎಂದಳು. ಐವತ್ತು ವರ್ಷ ಆ ಮನೆಯ ಗೋಡೆಗಳನ್ನು ಸಾರಿಸಿದ ಕೈ ಅದು. ಆ ಕೈಯನ್ನು ಚಿತ್ರಿಸಲು ಹೊರಟ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಮಣ್ಣನ್ನು ತುಳಿದು, ನೀರು ಹಾಕುತ್ತ ಹತ್ತು ದಿನ ಕೊಳೆಸಿದೆವು. ಹೊಟ್ಟಿನ ಎಳೆಗಳು ಮಣ್ಣನ್ನು ಹಿಡಿದಿಡುತ್ತವೆ, ಕೆಂಪು ಮಣ್ಣಿನ ಮರಳು ಕುಗ್ಗುವುದನ್ನು ತಡೆಯುತ್ತದೆ. ತೆಳುವಾಗಿ ಬಳಿದು, ನೆರಳಿನಲ್ಲಿ ಒಣಗಿಸಿ, ಮತ್ತೆ ಬಳಿಯಬೇಕು. ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಹನ್ನೆರಡರಲ್ಲಿ ಐದು ಹಲಗೆಗಳು ಮಾತ್ರ ಸಿದ್ಧವಾದವು. ಉಳಿದ ಜಾಗವನ್ನು ಭಾವಚಿತ್ರಗಳಿಂದ ತುಂಬದೆ ಖಾಲಿ ಬಿಡಲು ನಿರ್ಧರಿಸಿದೆ. ಹೊರಡುವಾಗ ಅವ್ವ ಅದೇ ಮಣ್ಣನ್ನು ಡಬ್ಬಿಯೊಂದರಲ್ಲಿ ತುಂಬಿಕೊಂಡಳು. ಏಕೆಂದು ನಾನು ಕೇಳಲಿಲ್ಲ.

ಪಯಣದ ಅಲುಗಾಟಕ್ಕೆ ಒಂದು ಹಲಗೆ ಮೂಲೆಯಲ್ಲಿ ಸೀಳಿತ್ತು. ಉದ್ಘಾಟನೆಯ ಹೊತ್ತು. ಅತಿಥಿಗಳು ನೆರೆದಿದ್ದರು. ಅಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿ, ಕುಡಿಯುವ ನೀರಿನಲ್ಲಿ ಕೈ ಅದ್ದಿ, ಡಬ್ಬಿಯ ಮಣ್ಣಿನಿಂದ ಆ ಸೀಳನ್ನು ಸಾರಿಸತೊಡಗಿದಳು. ನಾಚಿಕೆಯಿಂದ ತಡೆಯಲು ಹೋದೆ. “ಗ್ವಾಡಿ ಅಂದ್ರ ಒಮ್ಮೆ ಮಾಡಿ ಬಿಡೂದಲ್ಲೋ ಯಪ್ಪಾ, ವರ್ಷಾ ಸಾರಿಸಬೇಕು” ಎಂದಳು, ತಿರುಗಿಯೂ ನೋಡದೆ. ಸಭೆ ಮೌನವಾಗಿ ನಿಂತು ನೋಡಿತು.

ಅಂದು ಒಂದು ಹಲಗೆಯೂ ಮಾರಾಟವಾಗಲಿಲ್ಲ. ಬಂಗಾರ ಬಿಡಿಸಿಕೊಳ್ಳಲು ಎರಡು ವರ್ಷ ಭಾವಚಿತ್ರ ಬರೆದೆ. ಆದರೆ ನನ್ನೊಬ್ಬನ ಹೆಸರಿದ್ದ ಚೀಟಿಯನ್ನು ಆ ಸಂಜೆಯೇ ತೆಗೆದು, ಮೊದಲು ಅವ್ವನ ಹೆಸರು, ಕೆಳಗೆ ನನ್ನದು ಬರೆದೆ.

ಅಳಿಯದಂಥದ್ದನ್ನು ಮಾಡಬೇಕೆಂದು ನಾನು ಹೊರಟಿದ್ದೆ. ಅಳಿಯುವುದನ್ನು ವರ್ಷವರ್ಷವೂ ಬೇಸರವಿಲ್ಲದೆ ಸರಿಪಡಿಸುತ್ತ ಬಂದವಳು ಅವ್ವ. ಕಾಯಕವೆಂದರೆ ಇದೇ ಅಲ್ಲವೇ? ಆ ಐದು ಹಲಗೆಗಳು ಈಗ ತಮ್ಮನ ಸಿಮೆಂಟಿನ ಮನೆಯ ಪಡಸಾಲೆಯಲ್ಲಿವೆ. ಪ್ರತಿವರ್ಷ ಹಬ್ಬಕ್ಕೆ ಮುನ್ನ ಅವನ್ನು ಸಾರಿಸುತ್ತೇವೆ. ಕಳೆದ ಸಲ ಅವ್ವ ಕುಳಿತಲ್ಲಿಂದಲೇ ಹೇಳಿಕೊಟ್ಟಳು. ಸಾರಿಸಿದವನು ತಮ್ಮ.