ಉದ್ದವಾದ ಮಂಗಳವಾರ

ಮೈಸೂರಿನ ಇಟ್ಟಿಗೆಗೂಡಿನಲ್ಲಿ ಬೆಳೆದವರಿಗೆ ಸಿಂಹದ ಗರ್ಜನೆ ಹೊಸದಲ್ಲ. ಮೃಗಾಲಯದ ಪಕ್ಕದಲ್ಲೇ ಇರುವ ಬಡಾವಣೆ ಅದು. ಬೆಳಗಿನ ಜಾವ ಅಮ್ಮ ಹಾಲು ಕಾಯಿಸಲು ಏಳುವ ಹೊತ್ತಿಗೆ ಅತ್ತಲಿಂದ ಒಂದು ದನಿ ಕೇಳಿಬರುತ್ತಿತ್ತು. ಅಪ್ಪ ಹಾಸಿಗೆಯಲ್ಲಿದ್ದುಕೊಂಡೇ "ಅವನೂ ಎದ್ದ" ಅನ್ನುತ್ತಿದ್ದರು. ಈಗ ನಾನಿರುವ ಕೋಪರಖೈರಣೆಯಲ್ಲಿ ಬೆಳಗಾಗುವುದು ಪಕ್ಕದ ಮನೆಯ ಕುಕ್ಕರಿನ ಸೀಟಿಯಿಂದ. ಸಿಡ್ಕೋ ಕಟ್ಟಿದ ಪುಟ್ಟ ರೋ ಹೌಸುಗಳ ಮೇಲೆ ಒಂದೊಂದೇ ಮಹಡಿ ಏರಿಸಿಕೊಂಡು ಬಂದ ನಮ್ಮ ಗಲ್ಲಿಯಲ್ಲಿ, ಎದುರು ಮನೆಯವರ ಒಗ್ಗರಣೆ ಯಾವುದೆಂದು ಮೂಗೇ ಹೇಳುತ್ತದೆ.

ಪ್ರಾಣಿಸಂಗ್ರಹಾಲಯದ ಹುಚ್ಚು ಮಾತ್ರ ಊರು ಬಿಟ್ಟರೂ ನನ್ನನ್ನು ಬಿಡಲಿಲ್ಲ. ಇಲ್ಲಿ ಅಂಥವರೇ ಇನ್ನೂ ನಾಲ್ವರು ಸಿಕ್ಕರು: ಠಾಣೆಯಲ್ಲೊಬ್ಬ, ಕಲ್ಯಾಣದಲ್ಲೊಬ್ಬ, ಡೊಂಬಿವಲಿಯಲ್ಲಿ ಗಂಡ ಹೆಂಡತಿ. ಎಲ್ಲರೂ ಕನ್ನಡದವರು. ತಿಂಗಳಿಗೊಂದು ಭಾನುವಾರ ಬೈಕಳಾದ ರಾಣಿಬಾಗ್‌ಗೆ ಹೋಗುವುದು, ಯಾವ ಊರಿಗೆ ಹೋದರೂ ಮೊದಲು ಅಲ್ಲಿ ಮೃಗಾಲಯವಿದೆಯೇ ಎಂದು ನೋಡುವುದು, ಹಳೆಯ ಟಿಕೆಟ್‌ಗಳನ್ನು ಎತ್ತಿಟ್ಟುಕೊಳ್ಳುವುದು ನಮ್ಮ ಕೆಲಸ. ಮನೆಯವರ ಪಾಲಿಗೆ ನಾವು ಚಿಕ್ಕ ಮಕ್ಕಳು.

2020ರ ಮಾರ್ಚ್‌ನಲ್ಲಿ ಮೈಸೂರು ಮೃಗಾಲಯ ಮುಚ್ಚಿತು. ರಾಣಿಬಾಗ್ ಕೂಡ. ಅಪ್ಪನಿಗೆ ಫೋನ್ ಮಾಡಿದರೆ ಅವರು ನಕ್ಕರು. "ಏನಿಲ್ಲ ಕಣೋ, ಮಂಗಳವಾರ ಸ್ವಲ್ಪ ಉದ್ದ ಆಗಿದೆ ಅಷ್ಟೆ." ಮೈಸೂರಿನವರಿಗೆ ಗೊತ್ತು, ಮೃಗಾಲಯಕ್ಕೆ ಮಂಗಳವಾರ ರಜೆ.

ನಿಜ ಹೇಳಬೇಕೆಂದರೆ ಮೊದಲ ವಾರಗಳಲ್ಲಿ ನಮ್ಮ ಐವರಿಗೂ ಸಣ್ಣದೊಂದು ಜಂಬವಿತ್ತು. ಎಲ್ಲರೂ ಆಗಷ್ಟೇ ನಾಲಿಗೆ ತಿರುಗಿಸುತ್ತಿದ್ದ 'ಕ್ವಾರಂಟೈನ್' ನಮಗೆ ಹಳೆಯ ಪದ. ಯಾವ ಮೃಗಾಲಯಕ್ಕೂ ಹೊಸ ಪ್ರಾಣಿ ಬಂದರೆ ಅದನ್ನು ಮೊದಲು ಬೇರೆಯಾಗಿ ಇಡುತ್ತಾರೆ. 2016ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ರಾಣಿಬಾಗ್‌ಗೆ ಬಂದ ಹಂಬೋಲ್ಟ್ ಪೆಂಗ್ವಿನ್‌ಗಳನ್ನು ನೋಡಲು ನಾವು ಮರುವರ್ಷದ ಮಾರ್ಚ್‌ವರೆಗೆ ಕಾದಿದ್ದೆವು. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದಾಗ ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತ್ತು. ಹಾಗಾಗಿ ಮುಚ್ಚುವುದು, ತೊಳೆಯುವುದು, ಕಾಯುವುದು ಎಲ್ಲ ಗೊತ್ತಿದೆ ಅಂದುಕೊಂಡಿದ್ದೆವು. ಗೊತ್ತಿದ್ದದ್ದು ಬೇಲಿಯ ಈಚೆಗೆ ನಿಂತವರಿಗೆ ಗೊತ್ತಾಗುವಷ್ಟು ಮಾತ್ರ.

ಏಪ್ರಿಲ್ ಮೊದಲ ವಾರ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ನಾದಿಯಾ ಎಂಬ ಹುಲಿಗೆ ಸೋಂಕು ತಗುಲಿದ ಸುದ್ದಿ ಬಂತು. ನಮ್ಮ ಕೇಂದ್ರ ಮೃಗಾಲಯ ಪ್ರಾಧಿಕಾರವೂ ಎಚ್ಚರಿಕೆ ಕೊಟ್ಟಿತು. ಹುಲಿಯಿಂದ ಮನುಷ್ಯನಿಗೆ ಬರುತ್ತದೆಂಬ ಭಯಕ್ಕಲ್ಲ, ಮನುಷ್ಯನಿಂದ ಹುಲಿಗೆ ಹೋಗುತ್ತದೆಂದು. ಏಳು ವರ್ಷದ ಮಗಳು ಕೇಳಿದಳು, "ಅಪ್ಪಾ, ಎಲ್ಲ ಬಂದ್ ಆದ್ರೆ ಹುಲಿಗೆ ಊಟ ಯಾರು ಕೊಡ್ತಾರೆ?"

"ಮಂಗಳವಾರ ಯಾರು ಕೊಡ್ತಾರೋ ಅವರೇ" ಅಂದೆ. ಅಂದಮೇಲೆ ಹೊಳೆಯಿತು, ಇಷ್ಟು ವರ್ಷದಲ್ಲಿ ಆ ಮಂಗಳವಾರದವರನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಹುಲಿಯನ್ನು ನೋಡಿಕೊಳ್ಳುವವರು ಹುಲಿಯ ಹತ್ತಿರ ಹೋಗುವುದಿಲ್ಲ. ಹಿಂದಿನ ಕೋಣೆಗೆ ಅದನ್ನು ಕರೆದು ನಡುವಿನ ಜಾರುಬಾಗಿಲು ಹಾಕುತ್ತಾರೆ. ಆಮೇಲೆ ಆವರಣ ತೊಳೆದು, ನೀರು ತುಂಬಿಸಿ, ಹೊರಗೆ ಬಂದು ಬಾಗಿಲು ಎತ್ತುತ್ತಾರೆ. ಹತ್ತು ವರ್ಷ ಸಾಕಿದರೂ ಇಬ್ಬರ ನಡುವೆ ಒಂದು ಬಾಗಿಲು ಇದ್ದೇ ಇರುತ್ತದೆ. ಆದರೂ ಹೆಜ್ಜೆಸಪ್ಪಳ ಕೇಳಿದರೆ ಸಾಕು, ಹುಲಿ ಎದ್ದು ಬರುತ್ತದೆ.

ಮೇ ತಿಂಗಳಲ್ಲಿ ಆ ಬಾಗಿಲು ನಮ್ಮ ಗಲ್ಲಿಗೂ ಬಂತು. ನಮ್ಮ ಕೆಳಗಿನ ಮನೆಯವರು ಮಾಥಾಡಿ ಕಾರ್ಮಿಕರು, ವಾಶಿಯ ಎಪಿಎಂಸಿಯಲ್ಲಿ ಈರುಳ್ಳಿ ಮೂಟೆ ಇಳಿಸುವವರು. ಊರೆಲ್ಲ ಒಳಗಿದ್ದಾಗಲೂ ಅವರು ಕೆಲಸಕ್ಕೆ ಹೋಗುತ್ತಿದ್ದರು. ಮುಂಬೈಗೆ ಮುಂಬೈಯೇ ಉಣ್ಣುವುದು ಅಂಥವರ ಬೆನ್ನಿನಿಂದ. ಮಾರುಕಟ್ಟೆಯಲ್ಲಿ ಸೋಂಕು ಹಬ್ಬಿ ಒಂದು ವಾರ ಅದನ್ನೇ ಮುಚ್ಚಿದರು. ಇವರಿಗೂ ಬಂತು, ಗಲ್ಲಿಯ ಬಾಯಿಗೆ ಬಿದಿರು ಕಟ್ಟಿದರು. ಹದಿನಾಲ್ಕು ದಿನ ನಾನು ಅವರ ಹೊಸ್ತಿಲಲ್ಲಿ ಹಾಲು, ತರಕಾರಿ ಇಟ್ಟು, ಬಾಗಿಲು ತಟ್ಟಿ, ನಾಲ್ಕು ಮೆಟ್ಟಿಲು ಹತ್ತಿ ನಿಂತು ಕೂಗುತ್ತಿದ್ದೆ: "ಭಾವೂ, ದೂಧ್ ಆಲಂ!" ಬಾಗಿಲು ತೆರೆಯುತ್ತಿತ್ತು, ಒಂದು ಕೈ ಹೊರಬರುತ್ತಿತ್ತು. ಮೊದಲ ದಿನ ನನಗೆ ನಾಚಿಕೆಯಾಯಿತು. ಎರಡನೆಯ ವಾರದ ಹೊತ್ತಿಗೆ ಆ ಕೈ ಬರುವ ಮುಂಚೆಯೇ ಒಳಗಿನಿಂದ "ಆಲೋ ಆಲೋ" ಎಂಬ ದನಿ ಬರುತ್ತಿತ್ತು.

ಅದೇ ತಿಂಗಳು ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಟಿವಿಯಲ್ಲಿ ದಿನವೂ 'ಮುಂಬೈಯಿಂದ ಬಂದವರು' ಎಂಬ ಲೆಕ್ಕ. ಮಂಡ್ಯದ ಕೆ.ಆರ್. ಪೇಟೆಯ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರು ತಮ್ಮೂರಿಗೇ ಮರಳಿದಾಗ ರೋಗದ ಹೆಸರಾಗಿಬಿಟ್ಟಿದ್ದರು. ನಮ್ಮಪ್ಪನೂ ಹೇಳಿದರು, "ಈಗ ಬರಬೇಡ ಕಣಪ್ಪ." ಅದರಲ್ಲಿ ತಪ್ಪೇನಿರಲಿಲ್ಲ. ಆದರೂ ಎರಡು ದಿನ ಆ ಮಾತು ಗಂಟಲಲ್ಲೇ ಕೂತಿತ್ತು.

2021ರ ಫೆಬ್ರವರಿಯಲ್ಲಿ ರಾಣಿಬಾಗ್ ತೆರೆಯಿತು. ಸಾಮಾನ್ಯರಿಗೆ ಲೋಕಲ್ ರೈಲು ಬೆಳಗ್ಗೆ ಏಳರ ಒಳಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ಮತ್ತೆ ರಾತ್ರಿ ಒಂಬತ್ತರ ನಂತರ. ಆ ಸಮಯ ಹಿಡಿದು ಐವರೂ ಹೋದೆವು. ಔರಂಗಾಬಾದಿನಿಂದ ತಂದ ಶಕ್ತಿ, ಕರಿಷ್ಮಾ ಎಂಬ ಜೋಡಿ ಹುಲಿಗಳು ಬಂದದ್ದು 2020ರ ಫೆಬ್ರವರಿಯಲ್ಲಿ. ಬಂದ ಮರುತಿಂಗಳೇ ಗೇಟು ಮುಚ್ಚಿತ್ತು. ವರ್ಷವಿಡೀ ನಾವ್ಯಾರೂ ಹೋಗಿ ನೋಡದಿದ್ದರೂ ಅವು ಚೆನ್ನಾಗಿಯೇ ಇದ್ದವು. ಪ್ರಾಣಿಗಳಿಗೆ ನಾವೆಂದರೆ ಪ್ರಾಣ ಅಂದುಕೊಂಡವರಿಗೆ ಅದೊಂದು ಒಳ್ಳೆಯ ಪಾಠ. ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ಬಿತ್ತು.

ಮೇ ಮೊದಲ ವಾರ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ ಸೋಂಕು ಎಂದು ಪತ್ರಿಕೆಯಲ್ಲಿ ಬಂತು. ಅದೇ ವಾರ ಅಪ್ಪನಿಗೂ ಬಂತು. ಎಪ್ಪತ್ತಮೂರು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ.

ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಡಾಕ್ಟರು ಫೋನಿನಲ್ಲಿ ಮಾತ್ರೆ ಹೇಳಿದರು. ಅಪ್ಪ ಮಹಡಿಯ ಕೋಣೆ ಸೇರಿದರು. ಅಮ್ಮ ಮೆಟ್ಟಿಲ ಕೊನೆಯ ಸ್ಟೂಲಿನ ಮೇಲೆ ಗಂಜಿ ಇಟ್ಟು, ಕೆಳಗಿಳಿದು ಬಂದು "ಇಟ್ಟಿದೀನಿ" ಎಂದು ಕೂಗುತ್ತಿದ್ದರಂತೆ. ನಾನು ಹೊರಡಲು ಬ್ಯಾಗು ತುಂಬಿದೆ. ಅಮ್ಮ ಬೇಡವೆಂದರು. "ನೀನು ಬಂದ್ರೆ ನಿನ್ನನ್ನೂ ನೋಡ್ಕೋಬೇಕು. ಒಬ್ಬರಿಗೆ ಮಾಡೋಕೆ ಶಕ್ತಿ ಇದೆ ನನಗೆ." ಬ್ಯಾಗು ಒಂಬತ್ತು ದಿನ ಬಾಗಿಲ ಬಳಿಯೇ ಇತ್ತು. ಹೋಗಬೇಕಿತ್ತೇ? ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ದೂರ ಇರುವುದೂ ಒಂದು ಆರೈಕೆ ಎಂದು ಮಗಳಿಗೆ ಹುಲಿಯ ಕತೆ ಹೇಳಿ ಒಪ್ಪಿಸಿದ್ದೆ. ನನ್ನನ್ನು ನಾನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ.

ದಿನಕ್ಕೆ ಎರಡು ಸಲ ಆಕ್ಸಿಜನ್ ಅಂಕಿ ಬರುತ್ತಿತ್ತು: 93, 92, 94. ನಡುನಡುವೆ ಹೈದರಾಬಾದಿನ ಸಿಂಹಗಳು ಹೇಗಿವೆ ಎಂದು ಹುಡುಕುತ್ತಿದ್ದೆ. ಅವು ಚೇತರಿಸಿಕೊಂಡರೆ ಇವರೂ ಚೇತರಿಸಿಕೊಳ್ಳುತ್ತಾರೆ ಎಂದು ಮನಸ್ಸು ತಾನೇ ಒಂದು ಹರಕೆ ಕಟ್ಟಿಕೊಂಡಿತ್ತು. ಓದಿದವನು, ಮಹಾಪೆಯ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವನು, ಯಾರಿಗೂ ಹೇಳಿಕೊಳ್ಳಲಿಲ್ಲ.

ಆರನೆಯ ದಿನ ಬೆಳಗಿನ ಜಾವ ಅಪ್ಪನದೇ ಫೋನು. ಎದೆ ಧಸಕ್ಕೆಂದಿತು. "ಅಪ್ಪಾ?" ಅಂದೆ. ಆ ಕಡೆ ಬರೀ ಕೆಮ್ಮು, ಆಮೇಲೆ ಕಿಟಕಿ ತೆರೆದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಲಾಕ್‌ಡೌನಿನಲ್ಲಿ ಗಾಡಿಯಿಲ್ಲದ ಮೈಸೂರಿನ ಮೌನ. ಅದರೊಳಗಿಂದ ದೂರದಲ್ಲಿ ಅದು ಬಂತು, ಒಂದು ಸಲ, ಎರಡು ಸಲ, ಆಮೇಲೆ ಸಣ್ಣಗೆ ಮುಲುಗುತ್ತಾ ಇಳಿಯಿತು. ಅಪ್ಪ ಮಾತಾಡಲು ಉಸಿರು ಕೂಡಿಸಿಕೊಂಡರು. "ಅವನೂ ಎದ್ದ" ಅಂದರು. ಫೋನಿಟ್ಟರು. ನಾನು ಅಡುಗೆಮನೆಯ ನೆಲದ ಮೇಲೆ ಬೆಳಕಾಗುವವರೆಗೂ ಕೂತಿದ್ದೆ.

ಅಪ್ಪ ಉಳಿದರು. ಹೈದರಾಬಾದಿನ ಸಿಂಹಗಳೂ ಉಳಿದವು. ಜೂನ್‌ನಲ್ಲಿ ಚೆನ್ನೈ ಬಳಿಯ ವಂಡಲೂರಿನ ಮೃಗಾಲಯದಲ್ಲಿ ಸಿಂಹಗಳು ಸತ್ತ ಸುದ್ದಿ ಬಂದಾಗ ಅದನ್ನು ಅಪ್ಪನಿಗೆ ಯಾರೂ ಹೇಳಲಿಲ್ಲ. ಅವರು ಪೇಪರಿನಲ್ಲಿ ಓದಿಕೊಂಡಿದ್ದರು, ನಮಗೆ ಹೇಳಿರಲಿಲ್ಲ.

ಅದೇ ಜೂನ್‌ನಲ್ಲಿ ನಟ ದರ್ಶನ್ ಕರ್ನಾಟಕದ ಮೃಗಾಲಯಗಳ ಪ್ರಾಣಿಗಳನ್ನು ದತ್ತು ಪಡೆಯಿರಿ ಎಂದು ಕರೆ ಕೊಟ್ಟರು. ಗೇಟಿನ ಟಿಕೆಟ್ ದುಡ್ಡನ್ನೇ ನೆಚ್ಚಿದ ಜಾಗಕ್ಕೆ ಗೇಟು ಮುಚ್ಚಿದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಆದರೆ ನಮ್ಮಲ್ಲಿ ಮೂವರ ಸಂಬಳ ಕಡಿತವಾಗಿತ್ತು, ಒಬ್ಬನ ಕೆಲಸವೇ ಹೋಗಿತ್ತು. ಆನೆಗೆ ಲಕ್ಷದ ಲೆಕ್ಕ, ಸಣ್ಣ ಹಕ್ಕಿಗೆ ಸಾವಿರದ ಲೆಕ್ಕ. ಐವರೂ ಸೇರಿ ಅಪ್ಪನ ಹೆಸರಿನಲ್ಲಿ ಒಂದು ಹಕ್ಕಿಗೆ ದುಡ್ಡು ಕಟ್ಟಿದೆವು. ಅಪ್ಪ ಕೇಳಿ, "ಬೀದಿಯವರಿಗೆ ಆನೆ ಅಂತ ಹೇಳ್ತೀನಿ, ನೀನು ಸುಮ್ನಿರು" ಅಂದರು.

ನವೆಂಬರಿನಲ್ಲಿ ಊರಿಗೆ ಹೋದೆ. ತಲುಪಿದ್ದು ಮಂಗಳವಾರ! ಮರುದಿನ ಅಪ್ಪನನ್ನು ಕರೆದುಕೊಂಡು ಮೃಗಾಲಯಕ್ಕೆ ಹೋದೆ. ಇಡೀ ಸುತ್ತು ನಡೆಯುತ್ತಿದ್ದವರು ಜಿರಾಫೆಯವರೆಗೆ ನಡೆದು ಸಾಕೆಂದು ಬೆಂಚಿನ ಮೇಲೆ ಕೂತರು. ಬೇಲಿಯಾಚೆ ಮಾಸ್ಕ್ ಹಾಕಿದ ಪಾಲಕರೊಬ್ಬರು ಪೊರಕೆ ಹಿಡಿದು ಗುಡಿಸುತ್ತಿದ್ದರು. ಅಪ್ಪ ಇಲ್ಲಿಂದಲೇ ಕೂಗಿದರು:

"ಊಟ ಆಯ್ತಾ?"

"ಆಯ್ತು ಸಾರ್, ಆಗಲೇ ಸೊಪ್ಪು ತಿಂದ್ವು."

"ಅವಕ್ಕಲ್ಲಪ್ಪ" ಅಂದರು ಅಪ್ಪ, ಉಸಿರು ಎಳೆದುಕೊಂಡು. "ನಿಮಗೆ."