ಸೊಪ್ಪು ತಿನ್ನುವ ನಮ್ಮ ಮೀನು

ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವಳು ನಾನು. 2013ರಲ್ಲಿ ಮಗ ಕೊಳತ್ತೂರಿನಿಂದ ಎರಡಂಗುಲದ ಜೈಂಟ್ ಗೌರಾಮಿ ತಂದು, "ಸೊಪ್ಪು ತಿನ್ನುವ ಮೀನಮ್ಮಾ" ಎಂದಾಗ ಒಪ್ಪಿದೆ. ಪಾಲಕ್, ಎಲೆಕೋಸು ತಿಂದು ಎರಡು ವರ್ಷದಲ್ಲಿ ಒಂದಡಿ ಬೆಳೆಯಿತು!

2015ರ ಡಿಸೆಂಬರ್ ಪ್ರವಾಹದಲ್ಲಿ ವೇಲಚೇರಿಯ ಬೀದಿಗಳೆಲ್ಲ ನೀರು. ನಮ್ಮ ಮಹಡಿಯ ಮನೆಯಲ್ಲಿ ಕರೆಂಟಿಲ್ಲದೆ ಗಾಳಿಯ ಪಂಪು ನಿಂತಿತು. ಮೀನಿನ ಕಥೆ ಮುಗಿಯಿತೆಂದುಕೊಂಡೆ. ಆದರೆ ಈ ಜಾತಿಗೆ ಮೇಲೆ ಬಂದು ಗಾಳಿ ಕುಡಿಯುವ ಶಕ್ತಿಯಿದೆ, ಬದುಕಿತು.

ಮುಂದೆ ತೊಟ್ಟಿ ಸಾಲದಾಯಿತು. "ವೇಲಚೇರಿ ಕೆರೆಗೆ ಬಿಟ್ಟುಬಿಡಿ ಮಾಮಿ" ಎಂದರು ನೆರೆಯವರು. ಆಗ್ನೇಯ ಏಷ್ಯಾದ ಮೀನು ಇಲ್ಲಿಯ ಮೀನುಗಳಿಗೆ ಕಂಟಕವಾದರೆ? ಮನಸ್ಸೊಪ್ಪಲಿಲ್ಲ. ತೋಟದಲ್ಲಿ ದೊಡ್ಡ ಸಿಮೆಂಟು ತೊಟ್ಟಿಯಿದ್ದ ಪರಿಚಿತರಿಗೆ ಕೊಟ್ಟೆವು.

ಮೀನುಮರಿ ಕೊಳ್ಳುವ ಮುನ್ನ, ಅದು ಎಷ್ಟು ದೊಡ್ಡದಾಗುತ್ತದೆಂದು ಕೇಳಿಕೊಳ್ಳಿ. ಪೂರ್ತಿ ಬೆಳೆದರೆ ಇದು ಎರಡಡಿ!